ಯಾರು ತುಂಬಿದ್ದು?

ಆಸ್ಪತ್ರೆಗೆ ಕೆಲಸಕ್ಕೆ ಸೇರಿದವರ ಹೆಸರು ಗೇಟಿನ ಹೊರಗೇ ಉಳಿದುಬಿಡುತ್ತದೆ. ಒಳಗೆ ವಾರ್ಡು ಇಟ್ಟದ್ದೇ ಹೆಸರು. ಅವಳಿಗೆ ವಾರ್ಡು ಸೂಜಿ ಎಂದು ಹೆಸರಿಟ್ಟಿತ್ತು. ಅವಳು ಇಂಜೆಕ್ಷನ್ ಕೊಟ್ಟರೆ ರೋಗಿಗಳು, "ಆಯ್ತಾ? ಯಾವಾಗ ಕೊಟ್ರಿ?" ಎಂದು ಕೇಳುತ್ತಿದ್ದರು. ಕೈಯಲ್ಲಿ ಉಳಿಸಿದ ನೋವನ್ನೆಲ್ಲ ನಾಲಿಗೆಯಲ್ಲಿ ಕೊಡುತ್ತಾಳೆ ಎಂದು ಜೊತೆಯವರು ಬೆನ್ನ ಹಿಂದೆ ನಗುತ್ತಿದ್ದರು. ಅದೂ ಸುಳ್ಳಲ್ಲ.

ನರ್ಸುಗಳ ಮೇಲ್ವಿಚಾರಕಿಗೆ ಇಟ್ಟ ಹೆಸರು ಇಸ್ತ್ರಿ. ಅವಳ ಬಿಳಿ ಕೋಟಿನ ಮೇಲೆ ಒಂದು ಸುಕ್ಕು ಕಂಡವರಿಲ್ಲ. ಹೆರಿಗೆ ಕೋಣೆಯಿಂದ ಹೆಣದ ಕೋಣೆಯವರೆಗೆ ಓಡಾಡಿ ಬಂದರೂ ಆ ಕೋಟು ಈಗ ತಾನೇ ಮಡಿಕೆ ಬಿಚ್ಚಿದಂತಿರುತ್ತಿತ್ತು. ಎದುರಿಗೆ ಎಲ್ಲರೂ ಮೇಡಂ, ಅವರು, ನೀವು ಎನ್ನುತ್ತಿದ್ದರು. ಸೂಜಿಯ ಮನಸ್ಸಿನಲ್ಲಿ ಅವಳಿಗೆ ಬಹುವಚನ ಸಿಕ್ಕಿರಲಿಲ್ಲ. ಈ ಕಥೆಯಲ್ಲೂ ಸಿಗುವುದಿಲ್ಲ.

ಸೂಜಿಯ ಅಕ್ಕನೂ ಇದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಆಗ ಇಸ್ತ್ರಿ ಇನ್ನೂ ಆಪರೇಷನ್ ವಾರ್ಡೊಂದಕ್ಕೆ ಮಾತ್ರ ಮುಖ್ಯಸ್ಥೆ. ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ಸುತ್ತು ಬರುವ ಹೊತ್ತು, ವಾರ್ಡಿನಲ್ಲಿ ಕಾಲಿಗೆ ಕಾಲು ಸಿಕ್ಕುವಷ್ಟು ಗಡಿಬಿಡಿ. ಹೊಟ್ಟೆಯ ಆಪರೇಷನ್ ಆಗಿದ್ದ ಬಡಗಿಯೊಬ್ಬ ಮಾರನೆಯ ದಿನ ಮನೆಗೆ ಹೊರಡುವವನಿದ್ದ. "ನಿಮ್ಮ ಮಂಚ ಕಿರುಗುಟ್ಟುತ್ತೆ ಸಿಸ್ಟರ್, ಒಂದು ಮೊಳೆ ಕೊಡಿ, ಹೋಗೋ ಮುಂಚೆ ಸರಿ ಮಾಡಿ ಹೋಗ್ತೀನಿ" ಎಂದು ಎಲ್ಲರನ್ನೂ ನಗಿಸುತ್ತ ಕೂತಿದ್ದ. ಅವನ ಕೈಯ ನರಕ್ಕೆ ಹಾಕಿದ್ದ ಕೊಳವೆ ಕಟ್ಟಿಕೊಳ್ಳದ ಹಾಗೆ ಸ್ವಲ್ಪ ಉಪ್ಪುನೀರು ಹಾಯಿಸಬೇಕಿತ್ತು. ಇಸ್ತ್ರಿ ತಾನೇ ಟ್ರಾಲಿಯ ಹತ್ತಿರ ನಿಂತು ಸಿರಿಂಜ್ ತುಂಬಿದಳು, ತಟ್ಟೆಯಲ್ಲಿಟ್ಟು ಅಕ್ಕನ ಕಡೆ ನೂಕಿದಳು.

"ತುಂಬಿಟ್ಟಿದ್ದೀನಿ. ಬೇಗ ಹಾಕಿ ಬಾ."

ನರ್ಸುಗಳಿಗೆ ಮೊದಲ ವಾರದಲ್ಲೇ ಹೇಳಿಕೊಡುವ ನಿಯಮವೊಂದಿದೆ. ಬೇರೆಯವರು ತುಂಬಿದ ಸಿರಿಂಜನ್ನು ಹಾಕಬಾರದು. ಬಾಟಲಿ ನೀನೇ ನೋಡಬೇಕು, ಅದರ ಮೇಲಿನ ಹೆಸರು ನೀನೇ ಓದಬೇಕು, ನೀನೇ ತುಂಬಬೇಕು. ಎಲ್ಲರಿಗೂ ಗೊತ್ತಿರುವ ಮಾತೇ. ಆದರೆ ಮೇಲಿನವರು ತುಂಬಿ ಕೈಗೆ ಕೊಟ್ಟಾಗ "ಯಾರು ತುಂಬಿದ್ದು, ಬಾಟಲಿ ತೋರಿಸಿ" ಎಂದು ಕೇಳುವುದಕ್ಕೆ ಎಂಟೆದೆ ಬೇಕು. ಕೇಳಿದವಳು ತಲೆಹರಟೆ, ಕೇಳದವಳು ಒಳ್ಳೆಯ ಹುಡುಗಿ. ಅಕ್ಕ ಒಳ್ಳೆಯ ಹುಡುಗಿ. ಹೋಗಿ ಹಾಕಿದಳು.

ಕತ್ತು ಮುರಿದು ತೆರೆಯುವ ಉಪ್ಪುನೀರಿನ ಪುಟ್ಟ ಗಾಜಿನ ಬಾಟಲಿಗಳ ಪಕ್ಕದಲ್ಲೇ ಪೊಟ್ಯಾಸಿಯಂ ಬಾಟಲಿಗಳೂ ಇರುತ್ತಿದ್ದವು, ಅವಳಿ ಮಕ್ಕಳ ಹಾಗೆ ಒಂದೇ ಮುಖ. ಪೊಟ್ಯಾಸಿಯಂ ಅನ್ನು ದೊಡ್ಡ ಬಾಟಲಿಯ ನೀರಿಗೆ ಬೆರೆಸಿ ಹನಿಹನಿಯಾಗಿ ಇಳಿಸಿದರೆ ಔಷಧ; ಹಾಗೇ ನರಕ್ಕೆ ನೂಕಿದರೆ ಎದೆಬಡಿತ ನಿಂತುಹೋಗುತ್ತದೆ. ಬಡಗಿ ಮೊಳೆಯ ಮಾತು ಮುಗಿಸಲಿಲ್ಲ.

ವಿಚಾರಣೆಯಲ್ಲಿ ಇಸ್ತ್ರಿ, "ನಾನು ಆ ಟ್ರಾಲಿ ಹತ್ರಾನೇ ಹೋಗಿಲ್ಲ" ಅಂದಳು. ತುಂಬಿದವಳೂ ಅಕ್ಕನೇ, ಹಾಕಿದವಳೂ ಅಕ್ಕನೇ ಎಂದಾಯಿತು. ಟ್ರಾಲಿಯ ಇನ್ನೊಂದು ಬದಿಯಲ್ಲಿ ಬ್ಯಾಂಡೇಜ್ ಸುತ್ತುತ್ತ ಇನ್ನೊಬ್ಬ ನರ್ಸ್ ನಿಂತಿದ್ದಳು. ಅಕ್ಕನ ಜೀವದ ಗೆಳತಿ. ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡವರು ಇಬ್ಬರೂ. ಮಾತು ಮೆದು, ನಡಿಗೆ ಮೆದು, ಹಾಗಾಗಿ ಅವಳಿಗೆ ಹತ್ತಿ ಎಂದು ಹೆಸರು. ಅವಳನ್ನು ಕೇಳಿದಾಗ ನೆಲ ನೋಡುತ್ತ, "ನಾನು ನೋಡ್ಲಿಲ್ಲ" ಅಂದಳು. ಅಷ್ಟೇ. ಅಕ್ಕನ ಕೆಲಸ ಹೋಯಿತು, ಇನ್ನೆಲ್ಲೂ ನರ್ಸಾಗದ ಹಾಗೆ ಹೆಸರೂ ಹೋಯಿತು. ಹೊರಗೆ ಗೇಟಿನ ಹತ್ತಿರ ಬಡಗಿಯ ಹೆಂಡತಿ ಅಕ್ಕನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿ, "ಈ ಕೈಲೇನಾ?" ಅಂದಳಂತೆ. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಅಕ್ಕ ಹೇಗೋ ಸುಧಾರಿಸಿಕೊಳ್ಳುತ್ತಿದ್ದಳೇನೋ.

ಆವತ್ತಿನಿಂದ ಅಕ್ಕ ಯಾರ ಕೈಗೂ ಏನನ್ನೂ ಕೊಡುವುದಿಲ್ಲ. ಅಮ್ಮ ಕನ್ನಡಕ ಕೇಳಿದರೆ ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಾಳೆ. ನೀರು ಕೇಳಿದರೆ ಲೋಟ ಮೇಜಿನ ಮೇಲೆ. ಪಕ್ಕದ ಮನೆಯ ಮಗು ಚೆಂಡು ಕೇಳಿಕೊಂಡು ಬಂದರೆ ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ನೂಕುತ್ತಾಳೆ. ಮನೆಯಲ್ಲಿ "ತಗೋ" ಎನ್ನುವ ಮಾತು ಕೇಳಿ ಎಷ್ಟು ಕಾಲವಾಯಿತೋ. ಅಮ್ಮ ಮೊದಮೊದಲು ಅತ್ತಳು, ಆಮೇಲೆ ರೂಢಿ ಮಾಡಿಕೊಂಡಳು. ಸೂಜಿ ರೂಢಿ ಮಾಡಿಕೊಳ್ಳಲಿಲ್ಲ.

ನರ್ಸಿಂಗ್ ಓದು ಮುಗಿದದ್ದೇ ತಡ, ಸೂಜಿ ಹೋಗಿ ಅದೇ ಆಸ್ಪತ್ರೆಗೆ ಸೇರಿದಳು.

"ಊರಲ್ಲಿ ಬೇರೆ ಆಸ್ಪತ್ರೆಗಳೇ ಇಲ್ವೇನೆ? ಆ ಹಾವಿನ ಹುತ್ತಕ್ಕೇ ಕೈ ಹಾಕ್ಬೇಕಾ?" ಎಂದು ಅಮ್ಮ ಕೂಗಾಡಿದಳು.

"ಹಾವು ಬೇಕಂದ್ರೆ ಹುತ್ತಕ್ಕೇ ಹೋಗ್ಬೇಕಲ್ಲಮ್ಮಾ" ಅಂದಳು ಸೂಜಿ.

ಇವಳು ಯಾರ ತಂಗಿ ಎಂದು ಇಸ್ತ್ರಿಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಮೊದಲ ದಿನವೇ ಗೊತ್ತಿತ್ತು, ಗೊತ್ತಿದ್ದೇ ಸೇರಿಸಿಕೊಂಡಳು. ಅಂಥವಳ ತಂಗಿಯನ್ನೂ ಕರೆದು ಕೆಲಸ ಕೊಟ್ಟಿದ್ದೇನೆ ನೋಡಿ ಎಂದು ಹೇಳಿಕೊಂಡು ತಿರುಗುವುದಕ್ಕೆ ಅದೊಂದು ಒಳ್ಳೆಯ ಪದಕವಾಯಿತು. ಹೊಸ ಹುಡುಗಿಯರ ತರಗತಿಯಲ್ಲಿ ಪಾಠ ಮಾಡುವಾಗ, "ನಮ್ಮಲ್ಲೇ ಒಬ್ಬ ಸಿಸ್ಟರ್ ಇದ್ದಳು, ಬಾಟಲಿ ಮೇಲಿನ ಹೆಸರು ಓದೋವಷ್ಟೂ ತಾಳ್ಮೆ ಇರ್ಲಿಲ್ಲ, ಒಂದು ಸಂಸಾರ ಬೀದಿಗೆ ಬಂತು" ಎನ್ನುವಳು. ಹೇಳುತ್ತಲೇ ಕಣ್ಣಂಚಿನಲ್ಲಿ ಸೂಜಿಯ ಕಡೆ ನೋಡುವಳು. ಸೂಜಿ ತಟ್ಟೆ ಒರೆಸುತ್ತ ಹಲ್ಲು ಕಚ್ಚಿ ನಿಲ್ಲುವಳು. 

ಇದರಲ್ಲಿ ತಮಾಷೆಯ ಸಂಗತಿಯೊಂದಿದೆ. ಜೀವನವೆಲ್ಲ ಇನ್ನೊಬ್ಬರಿಗೆ ಚುಚ್ಚಿಸಿಯೇ ಮೇಲೆ ಬಂದ ಇಸ್ತ್ರಿಗೆ ತನಗೆ ಚುಚ್ಚಿಸಿಕೊಳ್ಳುವುದೆಂದರೆ ಪ್ರಾಣಭಯ. ಸಿಬ್ಬಂದಿಗೆಲ್ಲ ವರ್ಷಕ್ಕೊಮ್ಮೆ ಜ್ವರದ ಲಸಿಕೆ ಹಾಕುತ್ತಾರಲ್ಲ, ಆಗ ಎಲ್ಲರಿಗೂ ಮಾದರಿಯಾಗಲಿ ಎಂದು ಮೊದಲು ತೋಳು ಚಾಚುವವಳು ಅವಳೇ. ಅಷ್ಟು ಜನರೆದುರು ಮುಖ ಕಿವುಚಬಾರದಲ್ಲ, ಹಾಗಾಗಿ ನೋವೇ ಗೊತ್ತಾಗದ ಸೂಜಿಯೇ ಬೇಕು. "ನಮ್ಮ ಸೂಜಿ ಇದ್ದಾಳಲ್ಲ" ಎಂದು ಕೆನ್ನೆ ತಟ್ಟುವಳು. ಪ್ರತಿ ವರ್ಷವೂ ಆ ದಿನ ಸೂಜಿ, ಈ ಸಲ ಮಾತ್ರ ಸರಿಯಾಗಿ ನೋಯಿಸಿಬಿಡಬೇಕು, ತಿರುಪಿ ಚುಚ್ಚಬೇಕು ಎಂದು ಲೆಕ್ಕ ಹಾಕಿಕೊಂಡೇ ಹೋಗುತ್ತಿದ್ದಳು. ಆದರೆ ತೋಳು ಕಂಡ ಕೂಡಲೇ ಕೈ ತನ್ನ ಪಾಡಿಗೆ ತಾನು ಮೆತ್ತಗಾಗಿ ಕೆಲಸ ಮುಗಿಸಿಬಿಡುತ್ತಿತ್ತು. ಮನೆಗೆ ಬಂದು ಆ ಕೈಯನ್ನೇ ಬೈದುಕೊಳ್ಳುವಳು.

ಈ ವರ್ಷ ಸುದ್ದಿ ಬೇರೆಯೇ ಇತ್ತು. ಇಸ್ತ್ರಿಯನ್ನು ನರ್ಸಿಂಗ್ ಶಾಲೆಗೆ ಪ್ರಿನ್ಸಿಪಾಲ್ ಮಾಡುತ್ತಾರಂತೆ. ಲಸಿಕೆಯ ದಿನ ದೊಡ್ಡ ಹಾಲಿನಲ್ಲಿ ಎಲ್ಲರೂ ಸೇರಿರುತ್ತಾರಲ್ಲ, ದೊಡ್ಡ ಡಾಕ್ಟರು ಆಗಲೇ ಅದನ್ನು ಹೇಳುತ್ತಾರಂತೆ. ಇನ್ನು ಮುಂದೆ ಈ ಆಸ್ಪತ್ರೆಗೆ ಬರುವ ಪ್ರತಿ ಹುಡುಗಿಯೂ ಅಕ್ಕನ ಕಥೆಯನ್ನು ಇಸ್ತ್ರಿಯ ಬಾಯಿಂದಲೇ ಕೇಳಿ ನರ್ಸಾಗಬೇಕು. ಅದನ್ನು ಯೋಚಿಸಿಯೇ ಸೂಜಿಯ ಮೈ ಉರಿದುಹೋಯಿತು. ಸೇಡು ತೀರಿಸಿದರೆ ಈಗ, ಇಲ್ಲದಿದ್ದರೆ ಅಕ್ಕನ ಹೆಸರು ಶಾಶ್ವತವಾಗಿ ಮಣ್ಣುಪಾಲು.

ಉಪಾಯ ಹೊಳೆದದ್ದು ಬಟ್ಟೆ ಒಗೆಯುವಾಗ. ಹೊಳೆದದ್ದೇ ಅವಳು ನೆನೆದ ಬಟ್ಟೆ ಹಿಡಿದುಕೊಂಡು ಒಬ್ಬಳೇ ನಗತೊಡಗಿದಳು. ಇಸ್ತ್ರಿ ತೋಳು ಚಾಚಿದಾಗ ಎಲ್ಲರೆದುರು ಮೊದಲೇ ತುಂಬಿಟ್ಟ ಸಿರಿಂಜ್ ತೆಗೆಯಬೇಕು. "ತುಂಬಿಟ್ಟಿದೆ, ಹಾಕಿಬಿಡ್ಲಾ?" ಅನ್ನಬೇಕು. ಬೇಡ ಅಂದರೆ, ಬೇರೆಯವರು ತುಂಬಿದ್ದನ್ನು ನೀವು ಹಾಕಿಸಿಕೊಳ್ಳುವುದಿಲ್ಲ, ನಮ್ಮಕ್ಕನ ಕೈಲಿ ಯಾಕೆ ಹಾಕಿಸಿದಿರಿ ಎಂದು ಹಿಡಿಯಬೇಕು. ಅಕಸ್ಮಾತ್ ಹಾಕು ಅಂದುಬಿಟ್ಟರೆ, ನಾನು ಹಾಕಲ್ಲ, ಇದು ನಾನು ತುಂಬಿದ್ದಲ್ಲ, ಹೀಗೆ ಅನ್ನುವುದನ್ನು ನಮ್ಮಕ್ಕ ಆವತ್ತು ಕಲಿತಿರಲಿಲ್ಲ ಅನ್ನಬೇಕು. ಹೇಗೆ ಹೊರಳಿದರೂ ಬೋನೇ. ಚುಚ್ಚುವ ಮಾತೇ ಇಲ್ಲ. ಕೆಲಸ ಹೋಗುತ್ತದೆ, ಹೋಗಲಿ.

ಆ ದಿನ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋಗಿದ್ದಳು. ಅಡುಗೆಮನೆಯಲ್ಲಿ ಅಕ್ಕ ಬ್ರೆಡ್ ಬಿಸಿ ಮಾಡುತ್ತಿದ್ದಳು. ಸೂಜಿ ಎಲ್ಲವನ್ನೂ ಹೇಳಿದಳು. ಬೈಗುಳ ಬರುತ್ತದೆ ಎಂದು ಕಾದಳು. ಅಕ್ಕ ಒಲೆ ಆರಿಸಿದಳು.

"ಸಿರಿಂಜಲ್ಲಿ ಏನಿರುತ್ತೆ?"

"ಬರೀ ಉಪ್ಪುನೀರು ಕಣೇ ಅಕ್ಕ. ನಾನೇ ತುಂಬ್ಕೊಂಡು ಹೋಗ್ತೀನಿ."

"ನೀನು ಬೇಡ. ನಾನು ತುಂಬ್ತೀನಿ."

ಸೂಜಿ ಬೆರಗಾಗಿ ನೋಡಿದಳು. ಮಗುವಿನ ಕೈಗೆ ಚೆಂಡು ಕೊಡಲೂ ಹೆದರುವ ಅಕ್ಕ ಒಳಕೋಣೆಗೆ ಹೋಗಿ ತನ್ನ ತಗಡಿನ ಪೆಟ್ಟಿಗೆ ತಂದಳು. ಅದರಲ್ಲಿ ಅವಳ ಹಳೆಯ ಟೋಪಿ, ಕತ್ತರಿ, ಎದೆಗೆ ಸಿಕ್ಕಿಸಿಕೊಳ್ಳುವ ಗಡಿಯಾರ. ಅವುಗಳ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಎರಡು ಪುಟ್ಟ ಬಾಟಲಿ, ಉಪ್ಪುನೀರಿನದೊಂದು, ಪೊಟ್ಯಾಸಿಯಂನದೊಂದು. ಎರಡೂ ಎಷ್ಟು ಒಂದೇ ಥರ ಇವೆ ನೋಡಿ ಎಂದು ವಿಚಾರಣೆಯಲ್ಲಿ ತೋರಿಸಲು ಅಕ್ಕ ತೆಗೆದುಕೊಂಡು ಹೋಗಿದ್ದಂಥವು. ಆವತ್ತು ಅವನ್ನು ನೋಡುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ.

"ಸಿರಿಂಜ್ ಅಲ್ಲಿಡು. ಆ ಕಡೆ ತಿರುಗು. ನೀನು ನೋಡ್ತಿದ್ರೆ ನನ್ನ ಕೈ ನಡುಗುತ್ತೆ."

ಸೂಜಿ ಕಿಟಕಿಯ ಕಡೆ ತಿರುಗಿದಳು. ಹಿಂದೆ ಗಾಜಿನ ಕತ್ತು ಟಕ್ಕೆಂದು ಮುರಿದ ಸದ್ದು. ಅಕ್ಕ ಮತ್ತೆ ಸಿರಿಂಜ್ ಹಿಡಿದಳಲ್ಲ ಎಂದು ಅವಳಿಗೆ ಹಿಗ್ಗಾಯಿತು. ತಿರುಗಿದಾಗ ತುಂಬಿದ ಸಿರಿಂಜ್ ಮುಚ್ಚಳ ಹಾಕಿಸಿಕೊಂಡು ಮೇಜಿನ ಮೇಲಿತ್ತು, ಪೆಟ್ಟಿಗೆ ಮುಚ್ಚಿತ್ತು, ಅಕ್ಕ ಎಂದಿನಂತೆ ಹಿಂದೆ ಸರಿದು ನಿಂತಿದ್ದಳು. ಸೂಜಿ ಅದನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ತಪ್ಪೀತೆಂದು ಓಡಿದಳು.

ಆಸ್ಪತ್ರೆಯ ದೊಡ್ಡ ಹಾಲ್ ಜನರಿಂದ ತುಂಬಿ ತುಳುಕುತ್ತಿತ್ತು. ನರ್ಸುಗಳು, ಡಾಕ್ಟರುಗಳು, ಆಯಾಗಳು, ಲ್ಯಾಬಿನವರು, ಹೊಸ ಸಮವಸ್ತ್ರದ ವಿದ್ಯಾರ್ಥಿನಿಯರು. ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಲಸಿಕೆಯ ಐಸ್ ಪೆಟ್ಟಿಗೆ. ಪಕ್ಕದಲ್ಲಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯುಂಡೆ ಹಿಡಿದುಕೊಂಡು ಹತ್ತಿಯೇ ನಿಂತಿದ್ದಳು. ಅವಳು ಈಗ ಅಕ್ಕನಿದ್ದ ವಾರ್ಡಿಗೆ ಮುಖ್ಯಸ್ಥೆ. ಇಷ್ಟು ವರ್ಷದಲ್ಲಿ ಸೂಜಿಯನ್ನು ಕಂಡಾಗಲೆಲ್ಲ ಏನೋ ಹೇಳಬೇಕು ಎನ್ನುವ ಹಾಗೆ ಬಾಯಿ ತೆರೆದು, ಊಟ ಆಯಿತಾ ಎಂದು ಕೇಳಿ ಹೋಗಿಬಿಡುವವಳು. ಸೂಜಿಗೆ ಅವಳ ಮೇಲಿನ ಸಿಟ್ಟು ಇಸ್ತ್ರಿಯ ಮೇಲಿನದಕ್ಕಿಂತ ಒಂದು ಗುಂಜಿ ಹೆಚ್ಚೇ. ಹಾವು ಕಚ್ಚುತ್ತದೆ, ಸರಿ. ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡವಳು?

ದೊಡ್ಡ ಡಾಕ್ಟರು ಇಸ್ತ್ರಿಯನ್ನು ಬಾಯಿ ತುಂಬ ಹೊಗಳಿದರು. ಶಿಸ್ತು ಅಂದರು, ಸೇವೆ ಅಂದರು, ಇಂದಿನ ಮಕ್ಕಳಿಗೆ ಇಂಥ ಗುರು ಬೇಕು ಅಂದರು. ಚಪ್ಪಾಳೆಯಾಯಿತು. ಇಸ್ತ್ರಿ ಬಂದು ಕುರ್ಚಿಯಲ್ಲಿ ಕೂತು ಕೋಟಿನ ತೋಳನ್ನು ಅಳತೆ ಹಿಡಿದ ಹಾಗೆ ಮೂರು ಮಡಿಕೆ ಮಾಡಿ ಮೇಲೆ ಸರಿಸಿದಳು. ಫೋಟೋದವನ ಕಡೆ ನಕ್ಕು, ಹಲ್ಲಿನ ಸಂದಿಯಿಂದಲೇ, "ಮೆಲ್ಲಗೆ ಕಣಮ್ಮಾ" ಎಂದು ಪಿಸುಗುಟ್ಟಿ ಕಣ್ಣು ಮುಚ್ಚಿಕೊಂಡಳು.

ಸೂಜಿ ಐಸ್ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಸ್ಟೀಲಿನ ಡಬ್ಬಿ ತೆಗೆದು ಮೇಜಿನ ಮೇಲೆ ಸದ್ದಾಗುವ ಹಾಗೆ ಇಟ್ಟಳು. ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದಳು.

"ತುಂಬಿಟ್ಟಿದೆ ಮೇಡಂ. ಬೇಗ ಹಾಕಿಬಿಡ್ಲಾ?"

ಇಸ್ತ್ರಿಯ ಕಣ್ಣು ತಟ್ಟನೆ ತೆರೆಯಿತು. "ತುಂಬಿಟ್ಟಿದೆ ಅಂದ್ರೆ? ಬಾಟಲಿ ಎಲ್ಲಿ?"

"ಮನೇಲಿದೆ."

"ಮನೇಲಾ? ಯಾರು ತುಂಬಿದ್ದು?"

"ನಮ್ಮಕ್ಕ."

ಇಸ್ತ್ರಿ ಬೆಂಕಿ ಮುಟ್ಟಿದವಳಂತೆ ತೋಳು ಹಿಂದಕ್ಕೆ ಎಳೆದುಕೊಂಡಳು. ಕುರ್ಚಿ ಕಿರ್ರೆಂದಿತು. 

"ಯಾಕೆ ಮೇಡಂ, ಕೈ ಎಳ್ಕೊಂಡ್ರಿ?" ಸೂಜಿಯ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಬೇರೆಯವರು ತುಂಬಿದ್ದು ಅಂತಾನಾ?"

"ತಲೆ ಕೆಟ್ಟಿದೆಯಾ ನಿಂಗೆ? ಯಾರೋ ತುಂಬಿದ್ದು, ಬಾಟಲೀನೇ ನೋಡಿಲ್ಲ, ಅಂಥದ್ದನ್ನ ಯಾರಾದ್ರೂ ಹಾಕಿಸ್ಕೋತಾರಾ?"

"ಬಡಗಿ ಹಾಕಿಸ್ಕೊಂಡ."

ಸೂಜಿ ಡಬ್ಬಿಯ ಮುಚ್ಚಳ ತೆರೆದು ಇಸ್ತ್ರಿಯ ಮುಂದೆ ನೂಕಿದಳು.

"ನೀವು ತುಂಬಿದ್ದು, ನಮ್ಮಕ್ಕ ಹಾಕಿದ್ದು, ಅವನು ಹಾಕಿಸ್ಕೊಂಡಿದ್ದು. 'ತುಂಬಿಟ್ಟಿದ್ದೀನಿ, ಬೇಗ ಹಾಕಿ ಬಾ' ಅಂದಿದ್ರಲ್ಲ? ಈಗ ನೀವು ಕೇಳಿದ್ರಲ್ಲ ಯಾರು ತುಂಬಿದ್ದು ಅಂತ, ಆ ಒಂದು ಮಾತು ಆವತ್ತು ನಮ್ಮಕ್ಕ ಕೇಳಿದ್ದಿದ್ರೆ ಏನು ಮಾಡ್ತಿದ್ರಿ? ಬಾಟಲಿ ತೋರಿಸ್ತಿದ್ರಾ? ಕಪಾಳಕ್ಕೆ ಹೊಡೀತಿದ್ರಾ?"

"ಸರ್!" ಇಸ್ತ್ರಿ ಎದ್ದು ನಿಂತಳು. ಕೋಟಿನ ಒಂದು ತೋಳು ಮೇಲೆ, ಒಂದು ತೋಳು ಕೆಳಗೆ. "ಇವಳು ನನ್ನ ಕೊಲ್ಲೋಕೆ ಬಂದಿದ್ದಾಳೆ. ಅದ್ರಲ್ಲಿ ಪೊಟ್ಯಾಸಿಯಂ ಇದೆ! ಆ ಹೆಂಗಸು ಅದನ್ನೇ ತುಂಬಿ ಕಳ್ಸಿರ್ತಾಳೆ. ಪೊಲೀಸರನ್ನ ಕರೀರಿ!"

ಇದು ಸೂಜಿಯ ಲೆಕ್ಕದಲ್ಲಿ ಇರಲಿಲ್ಲ. ಅಕ್ಕನನ್ನು ಎರಡನೆಯ ಸಲ, ಅದೂ ಇಷ್ಟು ಜನರೆದುರು, ಕೊಲೆಗಾರ್ತಿ ಅನ್ನುತ್ತಿದ್ದಾಳೆ! ಸೂಜಿ ತನ್ನ ತೋಳನ್ನು ತಾನೇ ಮೇಲೆ ಸರಿಸಿ, ಮುಷ್ಟಿ ಬಿಗಿದು, ಮೊಣಕೈಯ ಒಳಮಗ್ಗುಲಿನ ನರ ಉಬ್ಬಿಸಿ ಮೇಜಿನ ಮೇಲೆ ಚಾಚಿದಳು.

"ವಿಷಾನಾ? ನಮ್ಮಕ್ಕ ವಿಷ ತುಂಬ್ತಾಳಾ? ನನಗೇ ಹಾಕಿ, ನೋಡೇಬಿಡೋಣ. ಹತ್ತಿ ಅಕ್ಕ, ಬನ್ನಿ. ನೀವೇ ಹಾಕಿ. ತೋಳಿಗಲ್ಲ, ನರಕ್ಕೇ ಹಾಕಿ."

ಬೇಕೆಂದೇ ಹತ್ತಿಯನ್ನು ಕರೆದಳು. ಈ ಮೆದು ಹೆಂಗಸೂ ಇವತ್ತು ಸ್ವಲ್ಪ ಸುಡಲಿ ಎನ್ನುವ ಹಟ. ಹತ್ತಿ ಮುಂದೆ ಬಂದಳು. ಸಿರಿಂಜನ್ನು ಎತ್ತಿ ಬೆಳಕಿಗೆ ಹಿಡಿದಳು. ಉಪ್ಪುನೀರಾಗಲಿ ಪೊಟ್ಯಾಸಿಯಮ್ಮಾಗಲಿ ಕಾಣುವುದು ಒಂದೇ ಥರ, ತಿಳಿನೀರು.  ಸಿರಿಂಜನ್ನು ಮತ್ತೆ ಡಬ್ಬಿಯಲ್ಲಿಟ್ಟಳು.

"ನಾನು ಹಾಕಲ್ಲ."

"ಯಾಕೆ? ಹೆದರಿಕೇನಾ?"

"ಇದು ನಾನು ತುಂಬಿದ್ದಲ್ಲ. ತುಂಬಿದ್ದನ್ನ ನಾನು ನೋಡಿಲ್ಲ." ಹತ್ತಿ ಆಮೇಲೆ ಮೊದಲ ಬಾರಿಗೆ ತಲೆಯೆತ್ತಿದಳು. "ಆವತ್ತು ನೋಡಿದ್ದೆ."

ಯಾರಿಗೂ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದದ್ದು ಇಸ್ತ್ರಿಗೆ. "ನೀನು ಬಾಯಿ ಮುಚ್ಚು" ಅಂದಳು.

"ಮುಚ್ಚಿದ್ದೆ ಮೇಡಂ. ಇಷ್ಟು ವರ್ಷ ಮುಚ್ಕೊಂಡೇ ಇದ್ದೆ." ಹತ್ತಿಯ ದನಿ ಈಗಲೂ ಮೆದುವೇ, ಆದರೆ ಹಾಲಿನ ಕೊನೆಯವರೆಗೂ ಕೇಳುತ್ತಿತ್ತು. "ಸರ್, ಆವತ್ತು ನಾನು ಟ್ರಾಲಿ ಪಕ್ಕದಲ್ಲೇ ಇದ್ದೆ. ಸಿರಿಂಜ್ ತುಂಬಿದ್ದು ಮೇಡಂ. ನಾನು ಕಣ್ಣಾರೆ ನೋಡಿದ್ದೀನಿ. ಇವಳ ಅಕ್ಕ ಹಾಕಿದ್ಳು ಅಷ್ಟೇ. ವಿಚಾರಣೆ ದಿನ ಬೆಳಿಗ್ಗೆ ಮೇಡಂ ನನ್ನ ಕರೆದು, ನೀನೇನೂ ನೋಡಿಲ್ಲ ಅಲ್ವಾ ಅಂದ್ರು. ಇಲ್ಲ ಅಂದೆ. ನನ್ನ ಕೆಲಸ ಇನ್ನೂ ಕಾಯಂ ಆಗಿರ್ಲಿಲ್ಲ. ನಾನು ಸುಳ್ಳು ಹೇಳ್ದೆ ಸರ್. ಎಲ್ಲಿ ಬೇಕಾದ್ರೂ ಬಂದು ಇದನ್ನೇ ಹೇಳ್ತೀನಿ."

"ಇಬ್ಬರೂ ಸೇರ್ಕೊಂಡು ಆಡ್ತಿರೋ ನಾಟಕ ಇದು!" ಎಂದು ಇಸ್ತ್ರಿ ಕಿರುಚಿದಳು.

ಹಿಂದಿನ ಸಾಲಿನಿಂದ ಒಬ್ಬ ಹಿರಿಯ ನರ್ಸ್ ಎದ್ದಳು. "ನಂಗೂ ಹಾಗೇ ತುಂಬಿ ಕೊಡ್ತಿದ್ರು. ನಾನೂ ಕೇಳ್ತಿರ್ಲಿಲ್ಲ. ನನ್ನ ಅದೃಷ್ಟ, ಯಾರೂ ಸಾಯ್ಲಿಲ್ಲ." ಅವಳ ಪಕ್ಕದವಳು, "ನಂಗೂ" ಅಂದಳು. ಕಿಟಕಿಯ ಹತ್ತಿರದಿಂದ ಇನ್ನೊಬ್ಬಳು, "ನಂಗೂ." ಆಮೇಲೆ ಯಾರು ಯಾರು ಹೇಳಿದರೋ ಗೊತ್ತಾಗಲಿಲ್ಲ. ಹೊಸ ಹುಡುಗಿಯರು ಕತ್ತು ಅತ್ತ ಇತ್ತ ತಿರುಗಿಸುತ್ತ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಪ್ರಿನ್ಸಿಪಾಲರ ಮೊದಲ ಪಾಠ ಅವರಿಗೆ ಚೆನ್ನಾಗಿಯೇ ಆಯಿತು.

ಇಸ್ತ್ರಿ ಕುಸಿದು ಕೂತಳು. ಕೋಟು ಎದೆಯ ಹತ್ತಿರ ಮುದುಡಿ, ಕಂಕುಳಲ್ಲಿ ಬೆವರಿನ ಕಲೆ ಮೂಡಿ, ಒಗೆಯಲು ಹಾಕಿದ ಬಟ್ಟೆಯ ಹಾಗಾಗಿತ್ತು. ಸೂಜಿ ಅದನ್ನು ಕಣ್ಣು ತುಂಬ ನೋಡಿದಳು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಖುಷಿಯಾಯಿತು. ಕನಿಕರ ಹುಟ್ಟಿತು, ಕ್ಷಮಿಸಬೇಕೆನಿಸಿತು ಎಂದೆಲ್ಲ ಹೇಳಿದರೆ ಕೇಳುವುದಕ್ಕೆ ಚೆಂದ. ಅವಳಿಗೆ ಹಾಗೇನೂ ಅನಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹೀಗೇ ಕೂತಿರಲಿ ಅನಿಸಿತು.

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪ್ರಿನ್ಸಿಪಾಲ್ ಹುದ್ದೆಯ ಮಾತು ಇವತ್ತಿಗೆ ಇಲ್ಲ ಅಂದರು. ಹಳೆಯ ವಿಚಾರಣೆ ಮತ್ತೆ ತೆರೆಯುತ್ತೇನೆ, ಅಲ್ಲಿಯವರೆಗೆ ಮೇಡಂ ಮನೆಯಲ್ಲಿರಲಿ ಅಂದರು. ಆಮೇಲೆ ಸೂಜಿಯ ಕಡೆ ತಿರುಗಿದರು.

"ಇದನ್ನ ಲ್ಯಾಬಿಗೆ ಕಳಿಸ್ತೀನಿ. ಏನಿದೆ ಅಂತ ತಿಳಿಯೋವರೆಗೂ ನೀನೂ ಕೆಲಸಕ್ಕೆ ಬರಬೇಡ. ಉಪ್ಪುನೀರೇ ಆದ್ರೂ ನೀನು ಮಾಡಿದ್ದು ತಪ್ಪೇ, ಶಿಕ್ಷೆ ಆಗುತ್ತೆ. ಬೇರೆ ಏನಾದ್ರೂ ಇದ್ರೆ ಪೊಲೀಸರೇ ಬರ್ತಾರೆ."

"ಉಪ್ಪುನೀರೇ ಸರ್" ಎಂದು ಸೂಜಿ ತಲೆಯೆತ್ತಿ ಹೊರಬಂದಳು.

ಹೊರಗೆ ಮಧ್ಯಾಹ್ನದ ಬಿಸಿಲು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅಕ್ಕನಿಗೆ ಹೇಗೆ ಹೇಳಲಿ, ಎಲ್ಲಿಂದ ಶುರು ಮಾಡಲಿ ಎಂದು ಮೊದಲಿನಿಂದ ಎಲ್ಲವನ್ನೂ ಜೋಡಿಸಿಕೊಳ್ಳತೊಡಗಿದಳು. ಅಡುಗೆಮನೆ. ತಗಡಿನ ಪೆಟ್ಟಿಗೆ. ಎರಡು ಬಾಟಲಿ. ಆ ಕಡೆ ತಿರುಗು ಅಂದಳು, ತಿರುಗಿದೆ. ಟಕ್ಕೆಂದು ಮುರಿಯಿತು.

ಯಾವ ಬಾಟಲಿ ಮುರಿಯಿತು?

ಸೂಜಿ ನೋಡಲಿಲ್ಲ. ಓದಲಿಲ್ಲ. ಕೇಳಲೂ ಇಲ್ಲ. ಅಕ್ಕ ತುಂಬಿಟ್ಟಳು, ತಾನು ಡಬ್ಬಿಗೆ ಹಾಕಿಕೊಂಡು ಓಡಿದಳು. ಊರಿಗೆಲ್ಲ ಪಾಠ ಹೇಳಲು ಹೋದವಳು ನರ ಉಬ್ಬಿಸಿಕೊಂಡು, ಹಾಕಿ ಹಾಕಿ ಎಂದು ಕೈ ಚಾಚಿದ್ದಳು. ಮನೆಯ ನಿಲ್ದಾಣ ಬರುವ ಮೊದಲೇ ಅವಳು ಎದ್ದು ಬಾಗಿಲಿನಲ್ಲಿ ನಿಂತಿದ್ದಳು.

ಅಮ್ಮ ಒಳಗೆ ನಿದ್ದೆ ಮಾಡುತ್ತಿದ್ದಳು. ಅಕ್ಕ ಅಡುಗೆಮನೆಯ ಮೇಜಿನ ಮುಂದೆ, ಬೆಳಿಗ್ಗೆ ಬಿಟ್ಟುಹೋದ ಜಾಗದಲ್ಲೇ ಕೂತಿದ್ದಳು. ಎದುರಿಗೆ ಪೆಟ್ಟಿಗೆ.

"ಹತ್ತಿ ಬಾಯಿ ಬಿಟ್ಳು" ಅಂದಳು ಸೂಜಿ, ನಿಂತುಕೊಂಡೇ.

ಅಕ್ಕ ತಲೆಯೆತ್ತಿದಳು. "ಏನಂದ್ಳು?"

"'ಆವತ್ತು ನೋಡಿದ್ದೆ' ಅಂದ್ಳು. ಎಲ್ಲರೆದುರಿಗೂ ಅಂದ್ಳು."

ಅಕ್ಕ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಸೂಜಿಗೆ ತಿಳಿಯಲಿಲ್ಲ. ಅವಳಿಗೆ ಕಾಯುವಷ್ಟು ತಾಳ್ಮೆಯೂ ಉಳಿದಿರಲಿಲ್ಲ.

"ಅಕ್ಕ, ಸಿರಿಂಜಲ್ಲಿ ಏನು ತುಂಬಿದ್ದೆ?"

ಅಕ್ಕ ಕೈ ತೆಗೆದಳು. ಕೆನ್ನೆ ಒದ್ದೆ, ಆದರೆ ಕಣ್ಣಲ್ಲಿ ಬೇರೇನೋ ಇತ್ತು. "ಈಗ ಕೇಳ್ತೀಯಾ?"

"ಹೇಳೇ."

"ನೀನು ತಿರುಗಿದ ಮೇಲೆ ಎರಡೂ ಬಾಟಲಿ ಮುಂದಿಟ್ಕೊಂಡೆ. ಯಾವುದು ಒಡೀಲಿ ಅಂತ ನೋಡ್ತಾ ನಿಂತೆ." ಅಕ್ಕನ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನೀನು ಚುಚ್ಚಲ್ಲ ಅಂತ ಗೊತ್ತಿತ್ತು. ಆದ್ರೂ, ಅವಳ ತೋಳಿನ ಹತ್ರ ಅದೇ ಇರ್ಲಿ ಅಂತ ಮನಸ್ಸಿಗೆ ಬಂತು. ಒಂದೇ ಒಂದು ಸಲ ಬಂತು. ನೀನು ಬಾಟಲಿ ತೋರ್ಸು ಅಂತೀಯ ಅಂತ ಕಾದೆ. ನೀನು ಬಸ್ಸು ಅಂತ ಓಡಿದೆ."

 ಅಕ್ಕ ಪೆಟ್ಟಿಗೆ ತೆರೆದು ಉಳಿದಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟು ಅವಳ ಕಡೆ ನೂಕಿದಳು.

"ಓದು. ಗಟ್ಟಿಯಾಗಿ ಓದು."

ಸೂಜಿ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಷರ ಮಾಸಿತ್ತು, ಆದರೂ ಓದುವ ಹಾಗಿತ್ತು. "ಪೊಟ್ಯಾಸಿಯಂ." ಬಾಟಲಿಯ ಕತ್ತು ಗಟ್ಟಿಯಾಗಿ ಹಾಗೇ ಇತ್ತು. ಒಡೆದಿರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಧೊಪ್ಪೆಂದು ಕೂತಳು.

"ಉಪ್ಪುನೀರೇ ಕಣೇ ತುಂಬಿದ್ದು. ತಾರೀಖು ಎಂದೋ ಮುಗಿದಿತ್ತು, ಲ್ಯಾಬಿನವರು ಅದಕ್ಕೂ ಬೈತಾರೆ" ಅಂದಳು ಅಕ್ಕ. ತುಟಿಯ ತುದಿಯಲ್ಲಿ ನಗು ಬಂದು ಹೋಯಿತು. ಆಮೇಲೆ ಕೇಳಿದಳು, "ಆ ಬಡಗಿ ಹೆಂಡ್ತಿ ಈಗ ಎಲ್ಲಿದ್ದಾಳೆ, ಗೊತ್ತಾ?"

"ಹುಡುಕಬಹುದು. ಯಾಕೆ?"

"ಹತ್ತೀನ ಕರ್ಕೊಂಡು ಹೋಗ್ಬೇಕು. ಅವಳಿಗೆ ಹೇಳೋವರೆಗೂ ಇದು ಮುಗಿದ ಹಾಗಲ್ಲ. ತುಂಬಿದ್ದು ಯಾರು ಅಂತ ಹತ್ತಿ ಹೇಳ್ತಾಳೆ. ಕೇಳದೇ ಹಾಕಿದ್ದು ಯಾರು ಅಂತ ನಾನು ಹೇಳ್ಬೇಕು. ಕೇಳಿದ್ಳಲ್ಲ, ಈ ಕೈಲೇನಾ ಅಂತ. ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ."

ಸೂಜಿ ತಲೆಯಾಡಿಸಿದಳು. ಮಾತಾಡಲು ಹೋದರೆ ಗಂಟಲಲ್ಲಿ ಕೆಮ್ಮು ಸಿಕ್ಕಿಕೊಂಡಿತು. ಅಕ್ಕ ಎದ್ದು ಹೋಗಿ ನಲ್ಲಿ ತಿರುಗಿಸಿದ ಸದ್ದಾಯಿತು. ಲೋಟ ಎಂದಿನಂತೆ ಮೇಜಿಗೆ ಬರುತ್ತದೆ ಎಂದು ಸೂಜಿ ಮೇಜನ್ನೇ ನೋಡುತ್ತಿದ್ದಳು. ಬರಲಿಲ್ಲ. ತಲೆಯೆತ್ತಿದರೆ ಅಕ್ಕ ಪಕ್ಕದಲ್ಲೇ ನಿಂತು ಕೈ ಚಾಚಿದ್ದಳು. ಬೆರಳು ನಡುಗಿ ನೀರು ಅಂಚಿನಿಂದ ತುಳುಕುತ್ತಿತ್ತು.

"ತಗೋ" ಅಂದಳು ಅಕ್ಕ.

ಸೂಜಿ ಲೋಟ ಮುಟ್ಟುವ ಮೊದಲು ಅಕ್ಕನ ಮುಖ ನೋಡಿದಳು.

"ಯಾರು ತುಂಬಿದ್ದು?"

"ನಾನೇ."

ಸೂಜಿ ಅಕ್ಕನ ಕೈಯಿಂದಲೇ ಲೋಟ ತೆಗೆದುಕೊಂಡು, ಒಂದು ತೊಟ್ಟೂ ಬಿಡದೆ ಕುಡಿದಳು.